ಪಾಂಡವರ ಗೋಡೆಗೆ ಸುಣ್ಣ

ಬೀದರಿನಲ್ಲಿ ಇದ್ದುಕೊಂಡು ಬೇರೆ ಕೋಟೆಯ ಸುದ್ದಿ ಎತ್ತಿದರೆ ಜನ ನಗುತ್ತಾರೆ. ಊರಿಗೆ ಹತ್ತಿಕೊಂಡೇ ಅಷ್ಟು ದೊಡ್ಡ ಕೋಟೆ ಇದೆ. ಒಳಗೆ ಮಹಲು, ಮಸೀದಿ, ತೋಪು, ಸುತ್ತ ಕಂದಕ, ರವಿವಾರ ಬಂದವರಿಗೆ ಐಸ್‌ಕ್ರೀಮ್. ಅದು ಸಾಲದು ಅಂದರೆ ಭಾಲ್ಕಿಯಲ್ಲಿ ಒಂದು, ನಾನು ಹುಟ್ಟಿದ ಭಾತಂಬ್ರಾದಲ್ಲಿ ಒಂದು. ನಮ್ಮ ಜಿಲ್ಲೆಯಲ್ಲಿ ಯಾವುದಕ್ಕೆ ಬರ ಬಂದರೂ ಕೋಟೆಗೆ ಮಾತ್ರ ಬಂದಿಲ್ಲ. ಹೀಗಿರುವಾಗ ಔರಾದ ತಾಲ್ಲೂಕಿನ ಒಂದು ಬೋಳು ಗುಡ್ಡದ ಮೇಲೆ, ಎಲ್ಲೋ ಮೊಣಕಾಲೆತ್ತರ, ಎಲ್ಲೋ ಸೊಂಟದೆತ್ತರ ಉಳಿದ ಕಲ್ಲಿನ ಸಾಲು ತೋರಿಸಿ, ಇದೂ ಕೋಟೆಯೇ, ಇವೆಲ್ಲಕ್ಕಿಂತ ಸಾವಿರಾರು ವರ್ಷ ಹಳೆಯದು ಎಂದು ಹೇಳಿಕೊಂಡು ತಿರುಗುವ ಹೆಂಗಸನ್ನು ಜನ ಏನೆಂದುಕೊಳ್ಳಬೇಕು? ಆ ಹೆಂಗಸು ನಾನು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನೌಬಾದದಲ್ಲಿ ಮನೆ, ಎರಡೂ ಮೊಣಕಾಲಿನಲ್ಲಿ ನೋವು.

ಆ ಗೋಡೆಯನ್ನು ನಾನು ಮೊದಲು ನೋಡಿದ್ದು ಎಳ್ಳಮಾಸಿಯ ದಿನ. ಎಕಂಬಾದ ಕಡೆಗೆ ಹೋಗುವ ರಸ್ತೆಯ ಒಂದು ಊರಿಗೆ ಆಗ ನನ್ನ ವರ್ಗವಾಗಿತ್ತು. ನಮ್ಮ ಕಡೆ ಎಳ್ಳು ಅಮಾವಾಸ್ಯೆಗೆ ಊರಲ್ಲಿ ಯಾರೂ ಉಳಿಯುವುದಿಲ್ಲ, ಎಲ್ಲರೂ ಹೊಲದಲ್ಲೇ. ಜೋಳದ ದಂಟಿನ ಸಣ್ಣ ಗುಡಿಸಲು ಕಟ್ಟಿ, ಒಳಗೆ ಐದು ಕಲ್ಲು ಇಟ್ಟು, ಅವಕ್ಕೆ ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡುತ್ತಾರೆ. ಆಮೇಲೆ ಸೊಪ್ಪು, ಕಾಳು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಮಡಕೆಯಲ್ಲಿ ಅಂಬಲಿ. ಹೊಲಕ್ಕೆ ಕಾಲಿಟ್ಟವರು ಯಾರೇ ಆಗಲಿ, ಉಣ್ಣದೆ ಹೋಗುವಂತಿಲ್ಲ. ನಮ್ಮದು ಬುದ್ಧನ ಫೋಟೋಕ್ಕೆ ಕೈ ಮುಗಿಯುವ ಮನೆ, ಆದರೂ ಎಳ್ಳಮಾಸಿಯ ಅಂಬಲಿಗೆ ನಾನು ಎಂದೂ ಒಲ್ಲೆ ಅಂದವಳಲ್ಲ. ಅಂದು ಹೊಟ್ಟೆ ಬಿರಿಯ ಉಂಡು, ಉಂಡದ್ದು ಅರಗಲಿ ಎಂದು ಹುಡುಗಿಯರ ಗುಂಪಿನ ಹಿಂದೆ ಗುಡ್ಡ ಹತ್ತಿದೆ.

ಗುಡ್ಡದ ನೆತ್ತಿ ಸಪಾಟು. ಅದರ ಅಂಚು ಹಿಡಿದು ಸುತ್ತಲೂ ಕಲ್ಲು. ಉಳಿ ಮುಟ್ಟದ ದೊಡ್ಡ ಕರಿಕಲ್ಲುಗಳ ಎರಡು ಸಾಲು, ನಡುವೆ ಸಣ್ಣ ಕಲ್ಲು ಮತ್ತು ಮಣ್ಣು ತುಂಬಿದ್ದು. ಗಾರೆಯ ಹೆಸರಿಲ್ಲ. ಪೂರ್ವಕ್ಕೆ ಒಂದು ಎತ್ತಿನ ಬಂಡಿ ಹಿಡಿಯುವಷ್ಟು ಜಾಗ ಬಿಟ್ಟಿದ್ದರು, ಅದು ಬಾಗಿಲು. ಕಲ್ಲಿನ ಸಂದಿಯ ಮಣ್ಣು ಬೂದಿ ಬಣ್ಣದ್ದು, ಅದರೊಳಗೆ ಮಡಕೆಯ ಚೂರುಗಳು, ಒಳಮೈ ಕಪ್ಪು, ಹೊರಮೈ ಕೆಂಪು. ಎಂ.ಎ. ಓದುವಾಗ ಕಲಬುರಗಿಯಲ್ಲಿ ಅಂಥ ಚೂರುಗಳನ್ನು ಗಾಜಿನ ಕಪಾಟಿನಲ್ಲಿ ನೋಡಿದ್ದೆ. ಇಲ್ಲಿ ಅವು ಚಪ್ಪಲಿಯ ಕೆಳಗೆ ಸಿಗುತ್ತಿದ್ದವು. ಬರೆಯುವುದು ಇನ್ನೂ ಗೊತ್ತಿಲ್ಲದ ಕಾಲದ ಜನ, ದನಕರುಗಳನ್ನು ಒಳಗೆ ಹೊಡೆದುಕೊಂಡು, ಹೊರಗಿನ ಏನಕ್ಕೋ ಅಂಜಿ ಕಟ್ಟಿಕೊಂಡ ಗೋಡೆ ಅದು. ಯಾರು ಕಟ್ಟಿದ್ದು ಎಂದು ಹುಡುಗಿಯರನ್ನು ಕೇಳಿದರೆ, ಪಾಂಡವರ ಗ್ವಾಡಿ, ವನವಾಸದಲ್ಲಿದ್ದಾಗ ಒಂದೇ ರಾತ್ರಿಯಲ್ಲಿ ಕಟ್ಟಿದ್ದು ಅಂದರು. ನನಗೆ ಮೊದಲು ನಗು ಬಂತು. ಕಟ್ಟಿದವರ ಹೆಸರು ತಿಳಿಯದಾಗ ಇನ್ನಾರ ಹೆಸರು ಇಡಬೇಕು ಎಂದು ಆಮೇಲೆ ಅನ್ನಿಸಿತು.

ಅಂದಿನಿಂದ ನಾನು ಆ ಗೋಡೆಯ ಸುದ್ದಿ ಹೇಳುತ್ತ ಬಂದೆ. ಬೀದರಿನ ಕಚೇರಿಗಳ ಮೆಟ್ಟಿಲು ಸವೆಯಲಿಲ್ಲ, ನನ್ನ ಮೊಣಕಾಲು ಸವೆದವು. ಒಬ್ಬರು, ಫೋಟೋದಲ್ಲಿ ಬರೀ ಕಲ್ಲು ಕಾಣ್ತಾವಲ್ಲ ಮೇಡಂ ಅಂದರು. ಕೋಟೆ ಅಂದರೆ ಬರೀ ಕಲ್ಲೇ ಅಲ್ಲವೇನ್ರಿ ಎಂದು ಕೇಳಿದೆ, ಅವರಿಗೆ ಸಿಟ್ಟು ಬಂತು. ಇನ್ನೊಬ್ಬರು ಬಹಳ ಆದರದಿಂದ ಚಹಾ ತರಿಸಿ, ಶಾಸನ ಏನಾದರೂ ಇದೆಯೇ ಎಂದು ಕೇಳಿದರು. ಅಕ್ಷರ ಹುಟ್ಟುವ ಮೊದಲಿನ ಗೋಡೆಯ ಮೇಲೆ ಶಾಸನ ಯಾರು ಬರೆಯಬೇಕು? ಚಹಾ ಕುಡಿದು ಎದ್ದು ಬಂದೆ. ನನ್ನ ಯಜಮಾನರು ಒಳ್ಳೆಯವರು, ಎಷ್ಟೋ ಸಲ ಸ್ಕೂಟರ್ ಮೇಲೆ ಕರೆದುಕೊಂಡು ಹೋಗಿ ಹೊರಗೆ ಬೇವಿನ ನೆರಳಲ್ಲಿ ಕಾದಿದ್ದಾರೆ. ಪಾಂಡವರಿಗೇ ಹದಿಮೂರು ವರ್ಷಕ್ಕೆ ಬಿಡುಗಡೆ ಸಿಕ್ಕಿತು, ನಿನಗೆ ಯಾವಾಗ ಎಂದು ಒಮ್ಮೆ ಕೇಳಿದರು. ಒಂದು ಮಾತನ್ನು ಬಹಳ ವರ್ಷ ಆಡಿದರೆ ಅದು ಆಡುವವರಿಗೇ ಹುಸಿ ಅನ್ನಿಸತೊಡಗುತ್ತದೆ. ಇದೆಲ್ಲ ನನಗೊಬ್ಬಳಿಗೆ ಹಿಡಿದ ಹುಚ್ಚೇನೋ ಎಂದು ಆಗಾಗ ಅನ್ನಿಸುತ್ತಿತ್ತು.

ಆ ಹುಚ್ಚು ಒಂದು ದಿನ ಊರಿಗೇ ಹಿಡಿಯಿತು, ಖಡಿ ಮಷೀನಿನ ದಯೆಯಿಂದ. ಗುಡ್ಡದ ಕಲ್ಲು ಒಡೆದು ಖಡಿ, ಅಂದರೆ ಜಲ್ಲಿ, ಮಾಡುವುದಕ್ಕೆ ಒಬ್ಬ ಗುತ್ತಿಗೆದಾರ ಗುಡ್ಡವನ್ನೇ ಲೀಜಿಗೆ ಕೇಳಿದ್ದಾನೆಂದು ಸುದ್ದಿ ಬಂತು. ಅದನ್ನು ನನಗೆ ಫೋನ್ ಮಾಡಿ ಹೇಳಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಓದಿನಲ್ಲಿ ಅಷ್ಟಕ್ಕಷ್ಟೇ, ಆದರೆ ಪ್ರಾರ್ಥನೆ ಹೇಳಿಕೊಟ್ಟರೆ ಆಚೆ ಹೊಲದಲ್ಲಿ ಕಳೆ ತೆಗೆಯುವವರಿಗೂ ಕೇಳಿಸುತ್ತಿತ್ತು. ಅದೇ ಊರಿನ ಸೊಸೆಯಾಗಿ, ಈಗ ಪಂಚಾಯಿತಿ ಮೆಂಬರ್ ಆಗಿದ್ದಾಳೆ. ಅವಳ ಹೊಲ, ಬಾವಿ ಎರಡೂ ಗುಡ್ಡದ ಬುಡದಲ್ಲಿವೆ. ಮೇಲೆ ಸಿಡಿಮದ್ದು ಇಟ್ಟರೆ ಬಾವಿಯ ಸೆಲೆ ಎತ್ತ ಹೋಗುತ್ತದೋ, ಖಡಿಯ ಧೂಳಿನಲ್ಲಿ ತೊಗರಿ ಹೂವು ಹ್ಯಾಗೆ ನಿಲ್ಲುತ್ತದೋ ಎಂಬ ಚಿಂತೆ ಅವಳಿಗೆ. ನನಗೆ ಗೋಡೆಯ ಚಿಂತೆ. ಪುರಾತತ್ವ ಇಲಾಖೆಯ ತಿಳಿದ ಅಧಿಕಾರಿ ಒಬ್ಬರು ಬಂದು ನೋಡಿ, ಗೋಡೆ ಪುರಾತನ ಕಾಲದ್ದು ಎಂದು ಬರೆದುಕೊಟ್ಟರೆ ಗುಡ್ಡಕ್ಕೆ ಲೀಜು ಸಿಗುವುದಿಲ್ಲ. ಬರೆದುಕೊಡದಿದ್ದರೆ ಗೋಡೆಯೂ ಹೋಯಿತು, ಬಾವಿಯೂ ಹೋಯಿತು. ಇಷ್ಟು ಸರಳವಾಗಿತ್ತು ಲೆಕ್ಕ.

ಇನ್ನಷ್ಟು ಮೆಟ್ಟಿಲು ಹತ್ತಿ ಇಳಿದ ಮೇಲೆ, ಕಲಬುರಗಿಯಿಂದ ಒಬ್ಬ ಅಧಿಕಾರಿ ಬರಲು ಒಪ್ಪಿದರು. ಮೈಸೂರು ಕಡೆಯವರು, ಮಾತು ಮೆದು. ಫೋನಿನಲ್ಲಿ ನಾನು ಹೇಳಿದ್ದನ್ನೆಲ್ಲ ಕೇಳಿದರು, ಫೋಟೋದಲ್ಲಿ ಬರೀ ಕಲ್ಲು ಕಾಣುತ್ತವೆ ಅನ್ನಲಿಲ್ಲ. ಆ ಸಂದಿಯ ಬೂದಿ ಮಣ್ಣು ನೋಡಬೇಕು, ಅದರಲ್ಲಿ ಇದ್ದಿಲ ಚೂರು ಸಿಕ್ಕರೆ ಕಾಲ ಗೊತ್ತಾಗುತ್ತದೆ ಅಂದರು. ಎಷ್ಟೋ ವರ್ಷಗಳ ಮೇಲೆ ಒಬ್ಬರು ಸರಿಯಾದ ಪ್ರಶ್ನೆ ಕೇಳಿದ್ದರು. ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತೆ, ಹೇಳಲು ನಾಚಿಕೆಯೇನಿಲ್ಲ. ಆಮೇಲೆ ನನ್ನ ವಿದ್ಯಾರ್ಥಿನಿಗೆ ಫೋನ್ ಮಾಡಿ ಸಾಹೇಬರು ಬರುವ ದಿನ ಹೇಳಿದೆ. ಒಂದು ಕಲ್ಲೂ ಗುಡ್ಡ ಇಳಿಯಬಾರದು ಎಂದು ಸದಾ ಹೇಳುವ ಮಾತನ್ನು ಅಂದೂ ಹೇಳಿದೆ. ಹತ್ತುವ ದಾರಿಯ ಜಾಲಿಮುಳ್ಳು ಅಷ್ಟು ಕಡಿಸಿಡು, ನನ್ನ ಕಾಲಿಗೆ ತ್ರಾಸಾಗುತ್ತದೆ ಅಂದೆ. ಅವಳು, ನೀವೇನೂ ಕಾಳಜಿ ಮಾಡಬ್ಯಾಡ್ರಿ ಟೀಚರ್, ಎಲ್ಲಾ ನಾವು ನೋಡ್ಕೋತೇವಿ ಅಂದಳು.

ಆ ದಿನ ಅಧಿಕಾರಿ ಔರಾದಿಗೆ ಬಂದು ತಮ್ಮ ಜೀಪಿನಲ್ಲಿ ನನ್ನನ್ನು ಕೂಡಿಸಿಕೊಂಡರು. ಎಳ್ಳಮಾಸಿ ಮುಗಿದು ಸ್ವಲ್ಪ ದಿನವಾಗಿತ್ತು, ಇನ್ನೂ ಚಳಿಯಿತ್ತು. ದಾರಿಯಲ್ಲಿ ಅವರಿಗೆ ಗೋಡೆಯ ಅಗಲ, ಬಾಗಿಲಿನ ಜಾಗ, ಒಳಗಿನ ಬೀಸುವ ಕಲ್ಲಿನ ತುಂಡು ಎಲ್ಲ ವರ್ಣಿಸುತ್ತ ಕೂತೆ. ಊರ ತಿರುವಿನಲ್ಲಿ ಗುಡ್ಡ ಕಾಣುತ್ತದೆ. ಅಂದು ಅದರ ನೆತ್ತಿಯ ಮೇಲೆ ಒಂದು ಬಿಳಿಯ ಪಟ್ಟಿ ಇತ್ತು. ಯಾರೋ ಮಗ್ಗುಲಿಗೆ ಮಗ್ಗುಲು ಧೋತರ ಒಣಹಾಕಿದ್ದಾರೆ ಅಂದುಕೊಂಡೆ. ಗುಡ್ಡದ ಮೇಲೆ ಧೋತರ ಯಾರು ಒಣಹಾಕುತ್ತಾರೆ ಎಂದು ಆಮೇಲೆ ತಲೆಗೆ ಹೊಳೆಯಿತು. ಅಧಿಕಾರಿಯೂ ನೋಡಿದರು. ಅದೇನು ಮೇಡಂ ಎಂದು ಕೇಳಿದರು. ಗೊತ್ತಿಲ್ಲರಿ ಅಂದೆ. ಗೊತ್ತಾಗಿತ್ತು.

ಜಾಲಿಯನ್ನು ಚೊಕ್ಕವಾಗಿ ಕಡಿದಿದ್ದರು. ದಾರಿಯ ಎರಡೂ ಬದಿಗೆ ಸಣ್ಣ ಕಲ್ಲುಗಳು, ಅವಕ್ಕೂ ಸುಣ್ಣ. ಮೇಲೆ ಊರಿಗೆ ಊರೇ ನಿಂತಿತ್ತು. ಹೆಂಗಸರು ಹಬ್ಬದ ಸೀರೆ ಉಟ್ಟಿದ್ದರು. ಅವರ ಹಿಂದೆ ಪಾಂಡವರ ಗೋಡೆ ಸೊಂಟದೆತ್ತರ ನೆಟ್ಟಗೆ ನಿಂತಿತ್ತು, ಮೂರು ದಿಕ್ಕಿಗೂ. ಬಿದ್ದ ಕಲ್ಲನ್ನೆಲ್ಲ ಎತ್ತಿ ಏರಿಸಿ, ಸಂದಿಗೆ ಸಿಮೆಂಟು ಮೆತ್ತಿ, ತಲೆಯ ಮೇಲೆ ಸಿಮೆಂಟಿನ ಪಟ್ಟಿ ಎಳೆದು, ಮೇಲಿಂದ ಕೆಳತನಕ ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಅಂಚು ಕೊಟ್ಟಿದ್ದರು. ಬಾಗಿಲಿನ ಜಾಗಕ್ಕೆ ಮಾವಿನ ತೋರಣ. ಚೆಂದವಾಗಿತ್ತು, ಸುಳ್ಳು ಯಾಕೆ ಹೇಳಲಿ. ಬೇರೆ ಯಾವ ಗೋಡೆಯಾಗಿದ್ದರೂ ನಾನೇ ಮೆಚ್ಚುತ್ತಿದ್ದೆ.

ನನ್ನ ವಿದ್ಯಾರ್ಥಿನಿ ಓಡಿಬಂದು ಕೈ ಹಿಡಿದಳು. ಅವಳ ಉಗುರಿನ ಸಂದಿಯಲ್ಲಿ ಇನ್ನೂ ಸುಣ್ಣವಿತ್ತು. "ಟೀಚರ್, ನೀವು ಹೇಳಿದ್ಹಂಗ ಒಂದೂ ಕಲ್ಲು ಕೆಳಗ ಹೋಗಿಲ್ರಿ. ಬಿದ್ದದ್ದು ಬಿದ್ದಲ್ಲೇ ಎತ್ತಿ ಇಟ್ಟೇವಿ," ಅಂದಳು. ಔರಾದಿನಿಂದ ಬಂದ ಗೌಂಡಿ ತನ್ನ ಕೆಲಸದ ಪಕ್ಕದಲ್ಲಿ ನಿಂತಿದ್ದ. ವಯಸ್ಸಾದ ಮುಸಲ್ಮಾನ, ಊರಿನ ಅರ್ಧ ಮನೆ ಕಟ್ಟಿದವನು. ಪಾಂಡವರ ಕೆಲಸ ಎಂದು ಕೂಲಿ ಸಹ ತೆಗೆದುಕೊಂಡಿಲ್ಲವಂತೆ. ನನ್ನ ಮುಖ ನೋಡಿ ಅವನಿಗೆ ಏನನ್ನಿಸಿತೋ, ಮಜಬೂತ್ ಮಾಡೀನ್ರಿ ಅಮ್ಮಾ, ಇನ್ನ ಇದಕ್ಕ ಏನೂ ಆಗಂಗಿಲ್ಲ ಎಂದು ಗೋಡೆಯನ್ನು ತಟ್ಟಿ ತೋರಿಸಿದ.

ಯಾರನ್ನು ಬಯ್ಯಲಿ? ನಮ್ಮಲ್ಲಿ ದೊಡ್ಡವರು ಬರುತ್ತಾರೆಂದರೆ ಮೊದಲು ತರುವುದು ಸುಣ್ಣ. ಸಾಹೇಬರು ಬಂದರೆ ಶಾಲೆಯ ಕಟ್ಟೆಗೆ ಸುಣ್ಣ, ಮಂತ್ರಿ ಬಂದರೆ ರಸ್ತೆಯ ಕಲ್ಲಿಗೆ ಸುಣ್ಣ. ಕಲ್ಲಿಗೆ ಸುಣ್ಣ ಬಳಿದರೆ ಅದು ಪಾಂಡವರಾಗುತ್ತದೆ ಎಂಬುದನ್ನು ಪ್ರತಿ ಎಳ್ಳಮಾಸಿಗೂ ಹೊಲದಲ್ಲಿ ಮಾಡಿ ತೋರಿಸುವ ಜನ ಇವರು. ಇದು ಸಾಕ್ಷಾತ್ ಪಾಂಡವರದೇ ಗೋಡೆ, ನೋಡಲು ಬರುವವರು ಕಲಬುರಗಿಯ ಸಾಹೇಬರು, ಉಳಿಯಬೇಕಾದದ್ದು ಇಡೀ ಗುಡ್ಡ. ಬಿದ್ದ ಗೋಡೆ ತೋರಿಸಿದರೆ, ನಿಮಗೇ ಬೇಡವಾದದ್ದನ್ನು ನಾವೇಕೆ ಉಳಿಸಬೇಕು ಎಂದು ಸಾಹೇಬರು ಕೇಳಿದರೆ ಏನು ಹೇಳುವುದು ಎಂದು ಊರವರು ಕೂತು ಮಾತಾಡಿಕೊಂಡಿದ್ದರಂತೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ನನ್ನ ಸಿಟ್ಟು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ಬರೀ ಆಯಾಸವಾಯಿತು. ಕೂರಲು ಜಾಗ ಹುಡುಕಿದರೆ, ಸುತ್ತ ಎಲ್ಲ ಕಲ್ಲಿಗೂ ಹಸಿ ಸುಣ್ಣ.

ಅಧಿಕಾರಿ ಯಾರ ಮನಸ್ಸೂ ನೋಯಿಸಲಿಲ್ಲ. ತೋರಣದ ಕೆಳಗೆ ಕಾಯಿ ಒಡೆದರು, ಹಣೆಗೆ ಕುಂಕುಮ ಹಚ್ಚಿಸಿಕೊಂಡರು. ಆಮೇಲೆ ಗೋಡೆಯುದ್ದಕ್ಕೂ ಬಗ್ಗಿ ಬಗ್ಗಿ ನೋಡುತ್ತ ನಡೆದರು. ಸಂದಿಯಲ್ಲಿದ್ದ ಮಣ್ಣು ಎಲ್ಲಿ ಹೋಯಿತು ಎಂದು ಒಂದೇ ಒಂದು ಪ್ರಶ್ನೆ ಕೇಳಿದರು. ಸಿಮೆಂಟು ಹಿಡಿಯಬೇಕಾದರೆ ಸಂದಿ ಚೊಕ್ಕ ಇರಬೇಕೆಂದು ಗೌಂಡಿ ಹೇಳಿದನಂತೆ, ಅದಕ್ಕೇ ಹೆಂಗಸರೆಲ್ಲ ಸೇರಿ ಸಲಾಕೆಯಿಂದ ಮಣ್ಣು ಕೆದರಿ ತೆಗೆದು, ಟ್ಯಾಂಕರ್ ನೀರಿನಿಂದ ತೊಳೆದಿದ್ದರು. ಬೂದಿ ಮಣ್ಣು ಬೆಳೆಗೆ ಒಳ್ಳೆಯದು ಎಂದು ಬುಟ್ಟಿಯಲ್ಲಿ ಹೊತ್ತು ಕೆಳಗಿನ ಹೊಲಗಳಿಗೆ ಚೆಲ್ಲಿದ್ದರು. ಚೂರು, ಇದ್ದಿಲು, ಏನಿತ್ತೋ ಎಲ್ಲ ಅದರ ಜೊತೆ ಹೋಗಿತ್ತು. ಅಧಿಕಾರಿ ತಲೆಯಾಡಿಸಿದರು. ನನ್ನನ್ನು ಪಕ್ಕಕ್ಕೆ ಕರೆದು, ಬಹಳ ಮೆತ್ತಗೆ ಹೇಳಿದರು.

"ಮೇಡಂ, ಇದು ಈಗ ಹೊಸ ಗೋಡೆ. ಹಳೆಯದು ಅಂತ ನಾನು ಹೇಗೆ ಬರೆಯಲಿ?"

ಬರೆಯಬೇಡ್ರಿ ಅಂದೆ.

ಉತ್ತರದ ಕಡೆ ಒಂದು ತುಂಡು ಮಾತ್ರ ಉಳಿದಿತ್ತು. ಅಲ್ಲಿ ಜಾಲಿ ದಟ್ಟವಾಗಿ ಬೆಳೆದಿದ್ದರಿಂದ ಯಾರೂ ಒಳಗೆ ನುಗ್ಗಿರಲಿಲ್ಲ. ಸಿಮೆಂಟೂ ಮುಗಿದಿತ್ತು, ಸಾಹೇಬರು ಬರುವ ದಿನವೂ ಬಂದಿತ್ತು. ಅಲ್ಲಿ ಮುಗಿಸಲಾಗಲಿಲ್ಲ ಎಂದು ಊರವರು ಅಧಿಕಾರಿಯ ಮುಂದೆ ಸಂಕೋಚಪಟ್ಟರು. ಅಧಿಕಾರಿ ಅಂಗಿ ಹರಿದುಕೊಂಡು ಒಳಗೆ ಹೋಗಿ, ಬಹಳ ಹೊತ್ತು ಕೂತು ಬಂದರು. ಇಲ್ಲಿ ಮಣ್ಣು ಹಾಗೇ ಇದೆ, ಆದರೆ ಇಷ್ಟು ಸಣ್ಣ ತುಂಡು ಇಟ್ಟುಕೊಂಡು ಈಗಲೇ ಏನೂ ಮಾಡಲಾಗದು, ಅಗೆಯಲು ಅಪ್ಪಣೆ ಬೇಕು, ಅದಕ್ಕೆ ಕಾಲ ಹಿಡಿಯುತ್ತದೆ, ಅಲ್ಲಿಯತನಕ ಯಾರೂ ಕೈ ಹಚ್ಚದಂತೆ ನೋಡಿಕೊಳ್ಳಿ ಅಂದರು. ತಾವು ಪ್ರಯತ್ನ ಬಿಡುವುದಿಲ್ಲ ಎಂದೂ ಹೇಳಿದರು. ಆ ಮಾತು ನಿಜವಾಗಿಯೇ ಹೇಳಿದ್ದರು ಎಂದು ಈಗಲೂ ನಂಬುತ್ತೇನೆ. ಆದರೆ ಮಳೆಗಾಲಕ್ಕೆ ಮೊದಲೇ ಅವರಿಗೆ ದಕ್ಷಿಣದ ಕಡೆಗೆ ವರ್ಗವಾಯಿತು.

ಅಂದು ಅವರು ಜೀಪಿನ ಕಡೆ ಇಳಿದ ಮೇಲೆ ನಾನು ಮತ್ತು ನನ್ನ ವಿದ್ಯಾರ್ಥಿನಿ ಹಿಂದೆ ಉಳಿದೆವು. ಊರವರು ಸಾಹೇಬರ ಊಟದ ಗಡಿಬಿಡಿಯಲ್ಲಿದ್ದರು. ಅವಳು ದಡ್ಡಿಯಲ್ಲ, ಶಾಲೆಯಲ್ಲೂ ನನ್ನ ಮುಖ ನೋಡಿಯೇ ಉತ್ತರ ಸರಿಯೋ ತಪ್ಪೋ ತಿಳಿದುಕೊಳ್ಳುತ್ತಿದ್ದಳು.

"ನಾವು ಕೆಡಿಸಿದೇವೇನ್ರಿ ಟೀಚರ್?"

ಇಲ್ಲ ಅನ್ನಬಹುದಿತ್ತು. ಅವಳು ಮೆಂಬರು, ನಾಳೆ ಊರಿಗೆ ಉತ್ತರ ಹೇಳಬೇಕಾದವಳು. ಹೌದವ್ವಾ, ಕೆಟ್ಟದ ಅಂದೆ. ಅವಳು ಸೆರಗಿನ ತುದಿಯಿಂದ ಗೋಡೆಯನ್ನು ತಿಕ್ಕತೊಡಗಿದಳು. ಇಳಕಲ್ಲ ಸೀರೆ, ಸೆರಗೆಲ್ಲ ಬೆಳ್ಳಗಾಯಿತು.

"ತೊಳದ್ರ ಹೋಗ್ತದೇನ್ರಿ?"

"ಸುಣ್ಣ ಹೋಗ್ತದ. ಮಣ್ಣು ತಿರುಗಿ ಬರಂಗಿಲ್ಲ. ಬಿಡು, ಸೀರಿ ಕೆಡ್ತದ," ಅಂದೆ.

ಅವಳು ಬಿಡಲಿಲ್ಲ. ನಾನೇ ಅವಳ ಕೈ ಹಿಡಿದು ನಿಲ್ಲಿಸಿದೆ. ಆಗ ಅತ್ತಳು. ಹೊಲಕ್ಕೆ ಚೆಲ್ಲಿದ ಮಣ್ಣನ್ನು ಆರಿಸಿ ತರಲೇ ಎಂದು ಕೇಳಿದಳು. ಬೇಡ, ಅದು ಇನ್ನು ಮಣ್ಣಷ್ಟೇ, ತೊಗರಿಗಾದರೂ ಉಪಯೋಗವಾಗಲಿ ಅಂದೆ. ನಾನು ಕುಹಕಕ್ಕೆ ಹೇಳಿದ್ದಲ್ಲ, ಆದರೆ ಅವಳಿಗೆ ಹಾಗೆ ಕೇಳಿಸಿತೇನೋ. ಮುಂದಿನ ಹಂಗಾಮಿಗೆ ಅವಳ ಹೊಲದ ತೊಗರಿ ಬಹಳ ಚೆನ್ನಾಗಿ ಬಂತು. ಒಂದು ಚೀಲ ಬೇಳೆ ನಮ್ಮ ಮನೆಗೂ ಕಳಿಸಿದಳು. ಬೇಳೆ ಒಳ್ಳೆಯದಿತ್ತು, ನಾನು ಉಂಡೆ.

ಗುಡ್ಡದ ಆಸೆ ಬಿಟ್ಟುಬಿಟ್ಟಿದ್ದೆ. ಆದರೆ ಗುತ್ತಿಗೆದಾರನ ಜನ ಅಳತೆಗೆಂದು ಸರ್ವೇದವನ ಜೊತೆ ಬಂದ ದಿನ ನಾನು ಎಣಿಸದ ಒಂದು ಸಂಗತಿ ನಡೆಯಿತು. ಅವರು ಮೇಲೆ ಹತ್ತಿ ನೋಡಿದರೆ ಬಿಳೀ ಗೋಡೆ, ಕೆಂಪು ಅಂಚು, ಬಾಗಿಲಿನಲ್ಲಿ ಒಣಗಿದ ತೋರಣ, ಒಡೆದ ಕಾಯಿಯ ಚಿಪ್ಪು. ಊರಿನ ಮುದುಕಿಯರು ಅದಕ್ಕೆ ಬೆನ್ನು ಕೊಟ್ಟು ಕೂತಿದ್ದರು. ಯಂತ್ರ ಹೊತ್ತು ತಂದಿದ್ದ ಕೂಲಿಯವರು ಬಾಗಿಲಲ್ಲೇ ಚಪ್ಪಲಿ ಕಳಚಿಟ್ಟರಂತೆ. ಇದು ದೇವರ ಜಾಗ, ಇಲ್ಲಿ ಗೂಟ ಬಡಿಯುವುದು ಆಗದು ಎಂದು ಸರ್ವೇದವನೇ ಹೇಳಿ ಇಳಿದ. ಊರಲ್ಲಿ ಆ ದಿನ ಪೇಡೆ ಹಂಚಿದರು. ನನಗೆ ಫೋನ್ ಮಾಡಿ, ನಿಮ್ಮಿಂದಲೇ ಗುಡ್ಡ ಉಳಿಯಿತು ಅಂದವರು ಎಷ್ಟೋ ಮಂದಿ. ನಾನು ಎಲ್ಲರಿಗೂ ಹೂಂ ಅಂದೆ. ಇಷ್ಟು ವರ್ಷ ಹಳೆಯದು, ಹಳೆಯದು ಎಂದು ಹೇಳಿ ಬಾಯಿ ಸೋತರೂ ಆಗದ ಕೆಲಸವನ್ನು ಒಂದು ಬಕೆಟ್ ಸುಣ್ಣ ಮಾಡಿತ್ತು. ಸಂತೋಷಪಡಬೇಕಿತ್ತು, ಪಟ್ಟೆ ಕೂಡ, ಆದರೆ ಹೊಟ್ಟೆಯೊಳಗೆ ಏನೋ ಉರಿಯುತ್ತಲೇ ಇತ್ತು. ಯಜಮಾನರು ಅದಕ್ಕೆ ಮಜ್ಜಿಗೆ ಕುಡಿ ಅಂದರು.

ಉರಿ ಆರುವುದರೊಳಗೆ ಮತ್ತೆ ಫೋನ್ ಬಂತು. ಗುತ್ತಿಗೆದಾರ ಸುಮ್ಮನೆ ಕೂತಿರಲಿಲ್ಲ. ದೇವರ ಜಾಗ ಬೇಡ, ನನಗೂ ದೇವರ ಅಂಜಿಕೆ ಇದೆ, ಸುಣ್ಣ ಇದ್ದಷ್ಟು ಬಿಟ್ಟು ಉತ್ತರದ ಮಗ್ಗುಲು ಕೊಡಿ ಎಂದು ಕೇಳಿದ್ದನಂತೆ. ಅಲ್ಲಿ ಜಾಲಿ ಮತ್ತು ಬಿದ್ದ ಕಲ್ಲು ಬಿಟ್ಟರೆ ಏನೂ ಇಲ್ಲ ಎಂಬುದು ಅವನ ವಾದ. ಮುಂದಿನ ವಾರ ಸರ್ವೇದವರು ಮತ್ತೆ ಬರುವವರಿದ್ದರು. ನನ್ನ ವಿದ್ಯಾರ್ಥಿನಿಯ ದನಿ ಫೋನಿನಲ್ಲಿ ಸಣ್ಣಗಿತ್ತು. "ಊರಾಗ ಎಲ್ಲಾರೂ ಅಲ್ಲೀನೂ ಕಟ್ಟಿಬಿಡೂಣು ಅನ್ಲಿಕತ್ಯಾರ್ರಿ. ನಾನೇ ತಡದೀನಿ. ನಿಮ್ಮನ್ನ ಕೇಳದೆ ಈ ಸಲ ಒಂದು ಮುಳ್ಳೂ ಮುರಿಯಂಗಿಲ್ಲ. ನೀವು ಏನಂತೀರಿ ಅದು."

ಮರುದಿನ ಬೆಳಿಗ್ಗೆ ಬಸ್ಸು ಹಿಡಿದೆ. ಔರಾದಿನಲ್ಲಿ ಇಳಿದು ಟಂಟಂ ಆಟೋ ಹತ್ತಿದೆ. ದಾರಿಯುದ್ದಕ್ಕೂ ಬೇರೆ ಏನಾದರೂ ಉಪಾಯ ಹೊಳೆಯುತ್ತದೇನೋ ಎಂದು ತಲೆ ಕೆರೆದುಕೊಂಡೆ. ವರ್ಗವಾಗಿ ಹೋದ ಅಧಿಕಾರಿಗೆ ಫೋನ್ ಹಚ್ಚಿದೆ. ಅವರು ನೊಂದುಕೊಂಡರು, ಅವರ ಜಾಗಕ್ಕೆ ಬಂದವರ ನಂಬರ್ ಕೊಟ್ಟರು. ಹೊಸಬರು ಎಲ್ಲ ಕೇಳಿ, ಶಾಸನ ಏನಾದರೂ ಇದೆಯೇ ಅಂದರು. ಫೋನ್ ಇಟ್ಟು ಚೀಲಕ್ಕೆ ಹಾಕಿದೆ.

ಊರವರು ಗುಡ್ಡದ ಮೇಲೆ ಕಾದಿದ್ದರು. ಗೌಂಡಿ ಸಿಮೆಂಟಿನ ಚೀಲ ತಂದಿಟ್ಟಿದ್ದ. ನಾನು ಜಾಲಿಯ ಸಂದಿಯಿಂದ ಬಗ್ಗಿ ಆ ತುಂಡನ್ನು ನೋಡಿದೆ. ಒಂದು ಕಡೆ ಕಲ್ಲು ಹೊರಕ್ಕೆ ಜಾರಿತ್ತು, ಅದರ ಹಿಂದಿನ ಮಣ್ಣು ಬೂದಿ ಬೂದಿಯಾಗಿ ಹಾಗೇ ನಿಂತಿತ್ತು, ಅದರೊಳಗಿಂದ ಒಂದು ಮಡಕೆಯ ಕಂಠ ಹೊರಗೆ ಚಾಚಿತ್ತು. ಒಳಗೆ ಕಪ್ಪು, ಹೊರಗೆ ಕೆಂಪು. ಇಷ್ಟು ದೊಡ್ಡ ಗುಡ್ಡದ ಮೇಲೆ ಈ ಗೋಡೆ ಕಟ್ಟಿದ ಜನ ಇದ್ದರು ಅನ್ನುವುದಕ್ಕೆ ಉಳಿದ ಸಾಕ್ಷಿ ಅಷ್ಟೇ. ಮುಟ್ಟದೆ ಬಿಟ್ಟರೆ ಮುಂದಿನ ವಾರ ಸಿಡಿಮದ್ದಿಗೆ ಹೋಗುತ್ತಿತ್ತು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಸುಣ್ಣ ಬಳೀರಿ," ಅಂದೆ.

ಆಮೇಲೆ ಹೇಗೆ ಬಳಿಯಬೇಕೆಂದು ಹೇಳಿದೆ. ಜಾಲಿ ಮೇಲಿಂದ ಕಡಿಯಬೇಕು, ಬೇರು ಕೀಳಬಾರದು, ಬೇರೇ ಮಣ್ಣನ್ನು ಹಿಡಿದಿದೆ. ಜಾರಿದ ಕಲ್ಲು ಜಾರಿದ ಹಾಗೆಯೇ ಇರಬೇಕು. ಸಲಾಕೆ ಬೇಡ, ನೀರು ಹೊಡೆಯುವುದು ಬೇಡ, ಸಿಮೆಂಟಿನ ಚೀಲದ ಬಾಯಿ ಬಿಚ್ಚುವುದು ಬೇಡ. ಗೌಂಡಿಗೆ ಇದು ಹಿಡಿಸಲಿಲ್ಲ. ಬುಡಕ್ಕಾದರೂ ಒಂದು ಬುಟ್ಟಿ ಹಾಕೋಣ, ಇಲ್ಲದಿದ್ದರೆ ನಾಚಿಕೆಗೇಡು ಎಂದ. ನಾಚಿಕೆ ನನಗಿರಲಿ ಎಂದೆ. ಅವನು ಚೀಲದ ಮೇಲೆ ಕೂತು ಬೀಡಿ ಹಚ್ಚಿದ.

ಹೆಂಗಸರು ಬಕೆಟಿನಲ್ಲಿ ಸುಣ್ಣ ಕದಡಿದರು. ಜಾಲಿ ತೆರವಾದ ಮೇಲೆ ಒಬ್ಬಳು ಕುಂಚ ಹಿಡಿದು ಮುಂದೆ ಬಂದಳು, ಬಂದವಳೇ ಅಭ್ಯಾಸದಂತೆ ಮೊದಲು ಕಲ್ಲಿನ ಸಂದಿಯ ಧೂಳನ್ನು ಕುಂಚದ ಹಿಡಿಯಿಂದ ಕೆದರಲು ಹೋದಳು. ನಾನು ಕೂಗಿದೆ. ಕೂಗಿದ್ದಕ್ಕೆ ಅವಳು ಬೆದರಿ ಹಿಂದೆ ಸರಿದಳು. ಅವಳ ಕೈಯಿಂದ ಕುಂಚ ಇಸಕೊಂಡೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಲ್ಲು ಹಿಡಿದು ಹೇಗೋ ಮಂಡಿಯೂರಿದೆ. ಮೊದಲ ಕಲ್ಲಿಗೆ ಬಳಿದೆ, ಎರಡನೆಯದಕ್ಕೆ ಬಳಿದೆ. ಸುಣ್ಣ ತೆಳ್ಳಗಿತ್ತು, ಕಲ್ಲಿನಿಂದ ಇಳಿದು ಸಂದಿಯ ಮಣ್ಣಿಗೆ ಸೇರುತ್ತಿತ್ತು. ಇನ್ನೊಂದಿಷ್ಟು ಗಟ್ಟಿ ಮಾಡಿರಿ, ಇಳಿಯಬಾರದು ಅಂದೆ. ಮಾಡಿಕೊಟ್ಟರು. ನನ್ನ ವಿದ್ಯಾರ್ಥಿನಿ ಬಕೆಟ್ ಹಿಡಿದು ಪಕ್ಕದಲ್ಲೇ ನಡೆಯುತ್ತಿದ್ದಳು. ಇಡೀ ಜೀವನ ಇದನ್ನು ಉಳಿಸಿ ಎಂದು ಊರೂರು ಹೇಳಿಕೊಂಡು ತಿರುಗಿದ ನಾನು, ಅದನ್ನು ನನ್ನ ಕೈಯಾರೆ ಮುಚ್ಚುತ್ತಿದ್ದೆ. ದುಃಖವಾಯಿತು. ಆದರೆ ಕೈ ನಿಲ್ಲಲಿಲ್ಲ.

ಮಡಕೆಯ ಕಂಠ ಇದ್ದ ಜಾಗಕ್ಕೆ ಬಂದಾಗ ಮೊಣಕಾಲು ಪೂರಾ ಸೋತಿತ್ತು. ಏಳಲು ಹೋದರೆ ಆಗಲಿಲ್ಲ. ನನ್ನ ವಿದ್ಯಾರ್ಥಿನಿ ಬಕೆಟ್ ಕೆಳಗಿಟ್ಟು ಕೈ ಚಾಚಿದಳು.

"ಸಾಕ್ರಿ ಟೀಚರ್, ಕೊಡ್ರಿ. ಇದೊಂದು ಕಲ್ಲು ನಾ ಬಳೀತೇನಿ."

"ಬ್ಯಾಡವ್ವಾ," ಅಂದೆ. "ಇದನ್ನ ನಾನೇ ಬಳೀತೇನಿ."